ಒಂಟಿತನದಲ್ಲಿ ದೇವರ ಒಡನಾಟ: ತಪಸ್ಸುಕಾಲದ ಒಂದು ಚಿಂತನೆ

ಬೂದಿ ಬುಧವಾರದಂದು ಆರಂಭವಾಗುವ ತಪಸ್ಸುಕಾಲವು ಕ್ರೈಸ್ತ ಬಾಂಧವರಿಗೆ ಪ್ರಾರ್ಥನೆ, ಉಪವಾಸ ಹಾಗೂ ದಾನಧರ್ಮಗಳ ಕಾಲ. ಯೇಸುಸ್ವಾಮಿ ತಮ್ಮ ಬಹಿರಂಗ ಸೇವೆಗೆ ಮುನ್ನ ಮರುಭೂಮಿಯಲ್ಲಿ ಕಳೆದ 40 ದಿನಗಳ ಸ್ಮರಣೆಯೇ ಇದಕ್ಕೆ ಆಧಾರ. ಆದರೆ ಮುಂಬಯಿಯಂತಹ ಮಹಾನಗರದಲ್ಲಿ ಮರುಭೂಮಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ವಸಾಯಿ, ಮೀರಾರೋಡ್, ಬೊರಿವಲಿ, ಡೊಂಬಿವಲಿಗಳ ಎಷ್ಟೋ ಫ್ಲ್ಯಾಟ್‌ಗಳಲ್ಲಿ, ಮಕ್ಕಳು ಗಲ್ಫಿಗೋ ಕೆನಡಾಕ್ಕೋ ಹೋದ ಮೇಲೆ, ಬಾಳಸಂಗಾತಿಯನ್ನು ಕಳೆದುಕೊಂಡು ಒಬ್ಬರೇ ಉಳಿದಿರುವ ಹಿರಿಯರಿದ್ದಾರೆ.

ಕರಾವಳಿಯ ಕೆಥೋಲಿಕ ಮನೆಗಳಲ್ಲಿ ಸಂಜೆ ಇಗರ್ಜಿಯ ಆಮೊರಿ ಗಂಟೆ ಬಾರಿಸಿದ ಬಳಿಕ ಮನೆಮಂದಿಯೆಲ್ಲ ಸೇರಿ ತೇರ್ಸ್ ಪ್ರಾರ್ಥನೆ ಮಾಡುವುದು, ಅನಂತರ ಕಿರಿಯರು ಹಿರಿಯರಲ್ಲಿ ಬೆಸಾಂವ್ ಬೇಡುವುದು ಹಿಂದಿನಿಂದ ನಡೆದು ಬಂದ ಕ್ರಮ. ಜಪಮಾಲೆಯ ಪ್ರಾರ್ಥನೆಯಲ್ಲಿ ಮೊದಲರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಎಲ್ಲರೂ ಸೇರಿ ಹೇಳುತ್ತಾರೆ. ಮನೆಯಲ್ಲಿ ಒಬ್ಬರೇ ಇದ್ದಾಗ ಎರಡೂ ಅರ್ಧಗಳನ್ನು ಅವರೇ ಹೇಳಿಕೊಳ್ಳಬೇಕು. ಬೆಸಾಂವ್ ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ದೇವರು ಹತ್ತಿರವಿದ್ದಾನೆಯೇ ಎಂಬ ಪ್ರಶ್ನೆ ಏಳುವುದು ಇಂತಹ ಸಂಜೆಗಳಲ್ಲೇ.

ದೇವರೋ, ದೇವರ ಕೆಲಸವೋ?

ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರಲ್ಲಿ ವಿಯೆಟ್ನಾಮಿನ ಕಾರ್ಡಿನಲ್ ಫ್ರಾನ್ಸಿಸ್ ಝೇವಿಯರ್ ಗುಯೆನ್ ವಾನ್ ತುವಾನ್ ಪ್ರಮುಖರು. 1928ರಲ್ಲಿ ಹುಟ್ಟಿದ ಅವರು ನ್ಯಾತ್ರಾಂಗ್ ಧರ್ಮಪ್ರಾಂತದ ಧರ್ಮಾಧ್ಯಕ್ಷರಾಗಿ ಎಂಟು ವರ್ಷ ಹಗಲಿರುಳೂ ದುಡಿದವರು. 1975ರಲ್ಲಿ ಸಾಯ್ಗಾನಿಗೆ ನೇಮಕಗೊಂಡ ಕೆಲವೇ ತಿಂಗಳಲ್ಲಿ, ಆಗಸ್ಟ್ 15ರಂದು, ಕಮ್ಯುನಿಸ್ಟ್ ಆಡಳಿತ ಅವರನ್ನು ಬಂಧಿಸಿತು. ಅವರ ಸೆರೆವಾಸ 13 ವರ್ಷಗಳದ್ದು. ಅದರಲ್ಲಿ 9 ವರ್ಷ ಒಂಟಿ ಕೋಣೆಯಲ್ಲಿ.

ಆರಂಭದಲ್ಲಿ ಅವರನ್ನು ಹಿಂಡಿದ್ದು ತಾವು ಅರ್ಧಕ್ಕೆ ಬಿಟ್ಟುಬಂದ ಕೆಲಸಗಳ ಚಿಂತೆ. ಗುರುಮಠದ ವಿದ್ಯಾರ್ಥಿಗಳು, ಶಾಲೆಗಳು, ಯುವಜನರು, ಎಲ್ಲವೂ ಏನಾಗುತ್ತವೋ ಎಂದು ನಿದ್ದೆಗೆಟ್ಟು ಕೊರಗುತ್ತಿದ್ದಾಗ ಒಂದು ರಾತ್ರಿ ಅವರ ಅಂತರಂಗಕ್ಕೆ ಒಂದು ಅರಿವು ಮೂಡಿತು. ದೇವರು ಬೇರೆ, ದೇವರ ಕೆಲಸ ಬೇರೆ. ಕೆಲಸ ಕೈತಪ್ಪಿದರೂ ದೇವರು ಕೈಬಿಟ್ಟಿಲ್ಲ. ತಾನು ಆರಿಸಿಕೊಳ್ಳಬೇಕಾದ್ದು ದೇವರನ್ನು. ಅಂದಿನಿಂದ ಮನಸ್ಸಿಗೆ ನೆಮ್ಮದಿ ದೊರೆಯಿತು ಎಂದು ಅವರು ಮುಂದೆ ಹಲವೆಡೆ ಹೇಳಿಕೊಂಡಿದ್ದಾರೆ.

ಹೊಟ್ಟೆನೋವಿನ ಔಷಧಿ ಎಂಬ ಹೆಸರಿನಲ್ಲಿ ಹೊರಗಿನವರು ಕಳುಹಿಸಿದ ದ್ರಾಕ್ಷಾರಸದಲ್ಲಿ ಮೂರು ಹನಿ, ಜೊತೆಗೆ ಒಂದು ಹನಿ ನೀರು. ಇಷ್ಟನ್ನು ಅಂಗೈಯಲ್ಲಿಟ್ಟುಕೊಂಡು ಅವರು ದಿನವೂ ಬಲಿಪೂಜೆ ಅರ್ಪಿಸಿದರು. ಒಬ್ಬ ಬಾಲಕ ತಂದುಕೊಟ್ಟ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ತಮ್ಮ ಜನರಿಗಾಗಿ ಚಿಂತನೆಗಳನ್ನು ಬರೆದು ಕಳುಹಿಸಿದರು. ಕಾವಲುಗಾರರಿಗೆ ಭಾಷೆಗಳನ್ನು ಕಲಿಸಿ ಅವರನ್ನೇ ಗೆಳೆಯರನ್ನಾಗಿ ಮಾಡಿಕೊಂಡರು. ಸೆರೆಯಲ್ಲೇ ಮರದ ತುಂಡಿನಿಂದ ಶಿಲುಬೆ ಮಾಡಿ ಸಾಬೂನಿನೊಳಗೆ ಅಡಗಿಸಿಟ್ಟರು. ಅದಕ್ಕೆ ಸರಪಳಿಯಾದದ್ದು ಕಾವಲುಗಾರನೊಬ್ಬ ಕೊಟ್ಟ ವಿದ್ಯುತ್ ತಂತಿ. 1988ರ ನವೆಂಬರ್ 21ರಂದು ಬಿಡುಗಡೆ ಹೊಂದಿ, 2001ರಲ್ಲಿ ಕಾರ್ಡಿನಲ್ ಆಗಿ, 2002ರಲ್ಲಿ ದೈವಾಧೀನರಾದರು.

ಪರವೂರಿನ ಈ ಕಥೆ ನಮ್ಮವರಿಗೂ ತಟ್ಟುವಂಥದ್ದು. ವರ್ಷಗಟ್ಟಲೆ ಗಾಯನ ಮಂಡಳಿ, ಹಬ್ಬದ ಸಮಿತಿ, ಬಡವರ ನೆರವು ಎಂದು ಇಗರ್ಜಿಗಾಗಿ ಓಡಾಡಿದವರು, ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ದಿನ ಬಂದಾಗ, ಇನ್ನು ತಾನು ಯಾರಿಗೂ ಬೇಡ ಎಂದುಕೊಳ್ಳುವುದುಂಟು. ನಿಂತುಹೋದದ್ದು ಓಡಾಟ ಮಾತ್ರ. ಓಡಾಟ ಯಾರಿಗಾಗಿತ್ತೋ ಆತ ಆ ಕೋಣೆಯಲ್ಲೇ ಇದ್ದಾನೆ.

ಒಂಟಿತನ ಅವಿಶ್ವಾಸವಲ್ಲ

ಹಾಗೆಂದು ಒಂಟಿತನದ ನೋವು ಹೇಳಿಕೊಂಡವರಿಗೆ 'ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತದೆ' ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿಯೇ ತಮ್ಮೊಡನೆ ಎಚ್ಚರವಾಗಿರುವಂತೆ ಮೂವರು ಶಿಷ್ಯರನ್ನು ಕೇಳಿಕೊಂಡರು. ಪ್ರವಾದಿ ಎಲೀಯನು ಸಾವನ್ನೇ ಬೇಡಿ ಮಲಗಿದಾಗ ದೇವದೂತನು ಮೊದಲು ಕೊಟ್ಟದ್ದು ಉಪದೇಶವನ್ನಲ್ಲ, ರೊಟ್ಟಿ ಮತ್ತು ನೀರನ್ನು. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿಗಳಾದ ಮೇಲೆ ಮೆಲುದನಿಯಲ್ಲಿ ಮಾತಾಡಿದ ದೇವರು, ನೀನೊಬ್ಬನೇ ಅಲ್ಲ, ಇನ್ನೂ ಏಳು ಸಾವಿರ ಮಂದಿ ಇದ್ದಾರೆ ಎಂದು ತಿಳಿಸಿ, ಜೊತೆಗೆ ಎಲೀಷನನ್ನೂ ಕೊಟ್ಟರು.

ಹಿಟ್ಲರನನ್ನು ಎದುರಿಸಿ 1943ರ ಏಪ್ರಿಲ್‌ನಲ್ಲಿ ಸೆರೆಯಾಗಿ, 1945ರ ಏಪ್ರಿಲ್ 9ರಂದು ಗಲ್ಲಿಗೇರಿದ ಜರ್ಮನಿಯ ಪ್ರೊಟೆಸ್ಟೆಂಟ್ ಪಾಸ್ಟರ್ ಡೀಟ್ರಿಚ್ ಬಾನ್‌ಹೋಫರ್ ಕೂಡ, ಏಕಾಂತ ಮತ್ತು ಸಹವಾಸ ಒಂದಕ್ಕೊಂದು ಬೇಕೇ ಬೇಕು ಎಂದು ಸೆರೆಗೆ ಮುಂಚೆಯೇ ಬರೆದಿದ್ದರು.

ಬಾಗಿಲು ತಟ್ಟುವವರು ಬೇಕು

2020ರ ಲಾಕ್‌ಡೌನ್ ದಿನಗಳಲ್ಲಿ ಇಗರ್ಜಿಗಳ ಬಾಗಿಲು ಮುಚ್ಚಿದಾಗ ಎಲ್ಲರಿಗೂ ಈ ಅನುಭವವಾಯಿತು. ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ, ಮಳೆಯಲ್ಲಿ, ಜಗತ್ತಿಗಾಗಿ ಪ್ರಾರ್ಥಿಸಿದರು. ಬಾಂದ್ರಾದ ಮೌಂಟ್ ಮೇರಿ ಜಾತ್ರೆಯೂ ಆ ವರ್ಷ ನಡೆಯಲಿಲ್ಲ. ಮೊಬೈಲಿನಲ್ಲಿ ಪೂಜೆ ನೋಡಿ ಮನೆಯಲ್ಲೇ ಆಧ್ಯಾತ್ಮಿಕವಾಗಿ ಪರಮಪ್ರಸಾದ ಸ್ವೀಕರಿಸುವುದನ್ನು ನಾವು ಕಲಿತೆವು. ಉಳಿದವರಿಗೆ ಕೆಲವು ತಿಂಗಳಲ್ಲಿ ಬಾಗಿಲು ತೆರೆಯಿತು. ಹಾಸಿಗೆ ಹಿಡಿದವರ ಲಾಕ್‌ಡೌನ್ ಇನ್ನೂ ಮುಗಿದಿಲ್ಲ.

ಅಂತಹವರ ಮನೆಗೆ ಪರಮಪ್ರಸಾದ ಒಯ್ಯುವ ಸೇವೆ ಇಗರ್ಜಿಗಳಲ್ಲಿದೆ. ಅದರ ಬಗ್ಗೆ ಸಂಕೋಚಪಡದೆ ಧರ್ಮಗುರುಗಳಿಗೆ ತಿಳಿಸಬೇಕು. ಒಬ್ಬರೇ ಇರುವವರು ದಿನಕ್ಕೊಂದು ನಿಶ್ಚಿತ ಸಮಯ, ಒಂದು ನಿಶ್ಚಿತ ಜಾಗ, ಒಂದು ಕೀರ್ತನೆ, ತಮ್ಮ ತಾಯ್ನುಡಿಯಲ್ಲಿ ಒಂದು ಪ್ರಾರ್ಥನೆ, ಇಷ್ಟರಿಂದ ತೊಡಗಿದರೆ ಸಾಕು. ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸುವುದೂ ಸೇವೆಯೇ. ಅದಕ್ಕೆ ಮಂಡಿನೋವು ಅಡ್ಡಿಯಾಗದು.

ಇನ್ನು ಆರೋಗ್ಯವಂತರಾದ ನಾವು ಈ ತಪಸ್ಸುಕಾಲದಲ್ಲಿ ಮಾಂಸಾಹಾರ ಬಿಡುವುದರ ಜೊತೆಗೆ ವಾರಕ್ಕೊಂದು ಸಂಜೆಯನ್ನು ಬಿಟ್ಟುಕೊಡಬಹುದು. ನಮ್ಮದೇ ಕಟ್ಟಡದಲ್ಲಿ ಒಬ್ಬರೇ ಇರುವ ಹಿರಿಯರ ಬಾಗಿಲು ತಟ್ಟಿ, ಅವರು ಹೇಳುವ ತೇರ್ಸಿನ ಉಳಿದರ್ಧವನ್ನು ನಾವು ಹೇಳಿ, ಏಳುವಾಗ ಬೆಸಾಂವ್ ಬೇಡಿಕೊಂಡು ಬರೋಣ.