ಬಂದ ಕಡತಕ್ಕೆ ಕಾವಲು

ಕಚೇರಿಗಳಲ್ಲಿ ದಿನವೂ ಕಿವಿಗೆ ಬೀಳುವ ‘ಕಡತ’ ಎಂಬ ಮಾತು ಕಾಗದದ ಫೈಲಿಗಾಗಿ ಹುಟ್ಟಿದ್ದಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯ ಲೇಪ ಕೊಟ್ಟು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ವರ್ತಕರ ಲೆಕ್ಕ, ಮಠಗಳ ಪತ್ರವ್ಯವಹಾರ ಎಲ್ಲವೂ ಅದರಲ್ಲಿರುತ್ತಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಬಟ್ಟೆ ಹೋಗಿ ಕಾಗದ ಬಂತು, ಕಾಗದದ ಜಾಗಕ್ಕೆ ಕಂಪ್ಯೂಟರ್ ಬಂತು. ಹೆಸರು ಮಾತ್ರ ಉಳಿಯಿತು.

ಹೆಸರಿನ ಜೊತೆಗೆ ಒಂದು ಹಳೆಯ ಪ್ರಶ್ನೆಯೂ ಉಳಿದಿದೆ. ಹೊಸ ಕಡತ ಬಂದಿದೆ ಎಂಬುದು ನೋಡಬೇಕಾದವರಿಗೆ ತಿಳಿಯುವುದು ಹೇಗೆ?

ದಾವಣಗೆರೆ, ಹರಿಹರಗಳೆರಡೂ 1997ರ ಆಗಸ್ಟ್ 15ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಜಿಲ್ಲಾಧಿಕಾರಿಗೆ ಸಲ್ಲಬೇಕಾದ ಕಾಗದಗಳು ದುರ್ಗಕ್ಕೇ ಹೋಗಬೇಕಿತ್ತು. ಅಲ್ಲಿ ಬಂದ ಟಪಾಲಿಗೆ ದಿನಾಂಕದ ಮೊಹರು ಬಿದ್ದು, ವಹಿಯಲ್ಲಿ ನಮೂದಾಗಿ, ಸಂಬಂಧಪಟ್ಟ ಗುಮಾಸ್ತರ ಮೇಜಿಗೆ ತಲುಪುತ್ತಿತ್ತು. ಅವರು ರುಜು ಹಾಕಿ ಪಡೆಯುತ್ತಿದ್ದರು. ನಿಧಾನವಾದರೂ ಈ ಪದ್ಧತಿಯಲ್ಲಿ ಒಂದು ಗುಣವಿತ್ತು: ಕಾಗದ ಕಣ್ಣಿಗೆ ಕಾಣುತ್ತಿತ್ತು. ಮೇಜಿನ ಮೇಲಿನ ರಾಶಿಯೇ ‘ನಾನು ಬಂದಿದ್ದೇನೆ’ ಎಂದು ಹೇಳುತ್ತಿತ್ತು.

ಕಂಪ್ಯೂಟರಿನ ಫೋಲ್ಡರಿಗೆ ಈ ಗುಣವಿಲ್ಲ. ಹಲವರು ಹಂಚಿಕೊಳ್ಳುವ ದೊಡ್ಡ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಫೈಲು ಬಂದು ಕೂತರೂ ಸದ್ದಾಗುವುದಿಲ್ಲ. ಯಾರೂ ತೆರೆಯದಿದ್ದರೆ ಅದು ಬಂದೂ ಬಾರದ ಹಾಗೆ. ಅದಕ್ಕಾಗಿಯೇ ಫೋಲ್ಡರಿಗೊಂದು ಕಾವಲು ಬೇಕು.

ಕಾವಲಿನಲ್ಲಿ ಎರಡು ಬಗೆ. ಮೊದಲನೆಯದು ರಾತ್ರಿ ಗಸ್ತಿನಂತಹುದು. ಇಂತಿಷ್ಟು ನಿಮಿಷಕ್ಕೊಮ್ಮೆ ಒಂದು ಪುಟ್ಟ ಪ್ರೋಗ್ರಾಮು ಎದ್ದು, ಫೋಲ್ಡರಿನಲ್ಲಿರುವ ಹೆಸರುಗಳನ್ನು ಹಿಂದಿನ ಸುತ್ತಿನ ಪಟ್ಟಿಯೊಡನೆ ಹೋಲಿಸುತ್ತದೆ. ಹೊಸ ಹೆಸರು ಕಂಡರೆ ಸುದ್ದಿ ಕಳಿಸುತ್ತದೆ. ಯುನಿಕ್ಸ್ ವ್ಯವಸ್ಥೆಯಲ್ಲಿ ಹೀಗೆ ಹೊತ್ತುಹೊತ್ತಿಗೆ ಎಬ್ಬಿಸುವ ಕೆಲಸ 1970ರ ದಶಕದಿಂದ ‘ಕ್ರಾನ್’ ಎಂಬ ಪ್ರೋಗ್ರಾಮಿನದು. ಎರಡನೆಯ ಬಗೆ ಬಾಗಿಲಿಗೆ ಕಟ್ಟಿದ ಗಂಟೆಯಂತಹುದು. ಇಲ್ಲಿ ಸುತ್ತು ಹಾಕುವವರಿಲ್ಲ. ಫೈಲು ಒಳಬಂದ ಕ್ಷಣ ಕಂಪ್ಯೂಟರಿನ ಮೂಲ ವ್ಯವಸ್ಥೆಯೇ ತಿಳಿಸುತ್ತದೆ. ಲಿನಕ್ಸ್‌ಗೆ 2005ರಲ್ಲಿ ಸೇರಿದ ‘ಐನೋಟಿಫೈ’ ಇಂಥದು. ಗಸ್ತು ತಡವಾದರೂ ಸರಳ. ಗಂಟೆ ಚುರುಕು, ಆದರೆ ಕೇಳುವ ಪ್ರೋಗ್ರಾಮು ನಿಂತಿದ್ದಾಗ ಬಡಿದ ಗಂಟೆ ಹಾಗೆಯೇ ಕಳೆದುಹೋಗುತ್ತದೆ. ಆದ್ದರಿಂದ ಬಲ್ಲವರು ಗಂಟೆ ಕಟ್ಟಿದ ಮೇಲೂ ಆಗೊಮ್ಮೆ ಈಗೊಮ್ಮೆ ಗಸ್ತು ಬಿಡುವುದುಂಟು.

ಸುದ್ದಿ ಒಯ್ಯುವ ಕೆಲಸ ಇ-ಮೇಲಿನದು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲು ಪತ್ರ ಕಳಿಸಿದವರು ಅಮೆರಿಕದ ರೇ ಟಾಮ್ಲಿನ್ಸನ್, 1971ರಲ್ಲಿ. ಪತ್ರ ಸಾಗಿಸುವ ಸಮಾನ ನಿಯಮಾವಳಿ 1982ರಲ್ಲಿ ಪ್ರಕಟವಾಯಿತು. ಆ ಹೊತ್ತಿಗೆ ಬರ್ಕಲಿ ವಿಶ್ವವಿದ್ಯಾಲಯದವರು ಪತ್ರ ಬಂದೊಡನೆ ಎಚ್ಚರಿಸುವ ಪ್ರೋಗ್ರಾಮೊಂದನ್ನು ಬರೆದು, ಅಲ್ಲಿ ಓಡಾಡಿಕೊಂಡಿದ್ದ ‘ಬಿಫ್’ ಎಂಬ ನಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಅದು ಅಂಚೆಯವನನ್ನು ಕಂಡರೆ ಬೊಗಳುತ್ತಿತ್ತೆಂಬುದು ಆಮೇಲೆ ಹುಟ್ಟಿದ ಕಥೆ.

ಕಾವಲು ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿಯಲು ದಾವಣಗೆರೆ–ಹರಿಹರದ ರೈಲು ಹಾದಿಯನ್ನು ನೋಡಬಹುದು. ಬೆಂಗಳೂರಿನಿಂದ ಹರಿಹರಕ್ಕೆ ರೈಲು ಮುಟ್ಟಿದ್ದು 1889ರಲ್ಲಿ. ಒಂದು ನಿಲ್ದಾಣದಿಂದ ಗಾಡಿ ಹೊರಟರೆ ಮುಂದಿನ ನಿಲ್ದಾಣಕ್ಕೆ ಸುದ್ದಿ ಹೋಗುವುದು ರೈಲ್ವೆಯ ಹಳೆಯ ಕ್ರಮ. ಆದರೆ ಎಂಜಿನ್ ಕಂಡ ಮಾತ್ರಕ್ಕೆ ‘ಗಾಡಿ ಬಂತು’ ಎನ್ನುವಂತಿಲ್ಲ. ಕಟ್ಟಕಡೆಯ ಡಬ್ಬಿಯ ಗುರುತನ್ನೋ ಬಾಲದೀಪವನ್ನೋ ಕಂಡ ಮೇಲೆಯೇ ಗಾಡಿ ಪೂರ್ತಿ ಬಂತೆಂದು ಲೆಕ್ಕ. ಇಲ್ಲವಾದರೆ ದಾರಿಯಲ್ಲಿ ಕಳಚಿ ಉಳಿದ ಡಬ್ಬಿಗೆ ಹಿಂದಿನ ಗಾಡಿ ಬಂದು ಬಡಿದೀತು.

ಫೈಲಿನ ವಿಷಯವೂ ಇದೇ. ದೊಡ್ಡ ಫೈಲು ಒಂದೇ ಏಟಿಗೆ ಬರುವುದಿಲ್ಲ. ಹೆಸರು ಮೊದಲು ಕಾಣಿಸಿಕೊಂಡು, ಒಳಗಿನ ವಿಷಯ ಆಮೇಲೆ ತುಂಬುತ್ತದೆ. ಹೆಸರು ಕಂಡೊಡನೆ ಎತ್ತಿಕೊಂಡರೆ ಅರ್ಧ ಪತ್ರ ಕೈಗೆ ಸಿಕ್ಕೀತು. ಇದಕ್ಕೆ ರೂಢಿಯಲ್ಲಿರುವ ಉಪಾಯವೆಂದರೆ, ಬರುವಾಗ ಫೈಲಿಗೆ ತಾತ್ಕಾಲಿಕ ಹೆಸರಿಟ್ಟು, ಪೂರ್ತಿಯಾದ ಮೇಲೆ ನಿಜವಾದ ಹೆಸರು ಕೊಡುವುದು. ಆ ಹೆಸರೇ ಅದರ ಬಾಲದೀಪ.

ಇನ್ನೊಂದು ಎಡವಟ್ಟು ಮೌನದ್ದು. ಇ-ಮೇಲು ಬರಲಿಲ್ಲವೆಂದರೆ ಹೊಸ ಫೈಲು ಬಂದಿಲ್ಲವೆಂದೂ ಇರಬಹುದು, ಕಾವಲಿನ ಪ್ರೋಗ್ರಾಮೇ ಸತ್ತಿದೆಯೆಂದೂ ಇರಬಹುದು. ಆದ್ದರಿಂದ ಒಳ್ಳೆಯ ಕಾವಲು ಏನೂ ಇಲ್ಲದ ದಿನವೂ ‘ಎಚ್ಚರವಾಗಿದ್ದೇನೆ’ ಎಂಬ ಒಂದು ಸಾಲು ಕಳಿಸುತ್ತದೆ. ಹಾಗೆಂದು ಫೈಲಿಗೊಂದರಂತೆ ನೂರು ಪತ್ರ ಬಂದರೆ ಯಾವುದನ್ನೂ ಯಾರೂ ಓದುವುದಿಲ್ಲ. ಅವನ್ನು ಒಟ್ಟುಗೂಡಿಸಿ ಒಂದೇ ಪಟ್ಟಿಯಾಗಿ ಕಳಿಸುವುದು ಮೇಲು.

ಇದೆಲ್ಲ ಯಂತ್ರದ ಗೊಡವೆ, ರೈತನಿಗೇನು ಎನ್ನುವವರು ಪಹಣಿಯನ್ನು ನೆನೆಯಬೇಕು. ಕರ್ನಾಟಕದಲ್ಲಿ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಗಳ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಉಪನೋಂದಣಿ ಕಚೇರಿಗಳಿಗೆ ‘ಕಾವೇರಿ’ ಎಂಬ ತಂತ್ರಾಂಶ ಬಂತು. ಎರಡನ್ನೂ ಜೋಡಿಸಿದ ಮೇಲೆ, ಜಮೀನಿನ ಕ್ರಯಪತ್ರ ನೋಂದಣಿಯಾದರೆ ಅದರ ವಿವರ ‘ಜೆ ಸ್ಲಿಪ್’ ರೂಪದಲ್ಲಿ ತಾಲ್ಲೂಕು ಕಚೇರಿಯ ಭೂಮಿ ವ್ಯವಸ್ಥೆಗೆ ತಲುಪುತ್ತದೆ. ಅಲ್ಲಿಂದ ಖಾತೆ ಬದಲಾವಣೆಯ ಕೆಲಸ ಶುರು. ಬಂದ ಕಡತಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡೂ ಭೂಮಿಯಲ್ಲಿದೆ. ಬೇಕಾದವರ ಕಡತ ಮೇಲಕ್ಕೆ, ಬೇಡವಾದವರದು ಅಡಿಗೆ ಎಂಬ ಹಳೆಯ ದೂರಿಗೆ ಇದು ಮದ್ದು.

ಖಾತೆ ಬದಲಾಗುವ ಮುನ್ನ ನೋಟೀಸು ಹೊರಟು, ಆಕ್ಷೇಪಣೆಗೆ ಅವಕಾಶವಿರುತ್ತದೆ. ಮೊದಲು ಇದ್ದ ಮೂವತ್ತು ದಿನಗಳ ಈ ಅವಧಿಯನ್ನು ಈಚಿನ ವರ್ಷಗಳಲ್ಲಿ ಮೊಟಕುಗೊಳಿಸಲಾಗಿದೆ. ಕಾಯುವವರಿಗೆ ಇದು ಅನುಕೂಲವೇ. ಆದರೆ ಹರಿಹರದ ಬಳಿಯ ಜಮೀನಿನಲ್ಲಿ ಪಾಲಿದ್ದು, ದೂರದ ಊರಿನಲ್ಲಿ ನೆಲೆಸಿರುವ ತಂಗಿಯನ್ನು ಊಹಿಸಿಕೊಳ್ಳಿ. ಅಣ್ಣ ಇಡೀ ಹೊಲವನ್ನು ಮಾರಿದ ಸುದ್ದಿ ಯಂತ್ರಕ್ಕೆ ಕೂಡಲೇ ತಿಳಿಯುತ್ತದೆ. ಆಕೆಗೆ ಗಡುವಿನೊಳಗೆ ತಿಳಿಯದಿದ್ದರೆ ಖಾತೆ ಬದಲಾಗಿಯೇ ಬಿಡುತ್ತದೆ. ಆಮೇಲೆ ಉಳಿಯುವುದು ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಇಲ್ಲವೇ ಕೋರ್ಟಿನ ಅಲೆದಾಟ. ಕಡತದ ಓಟ ಹೆಚ್ಚಿದಷ್ಟೂ ಸುದ್ದಿಯ ಓಟವೂ ಹೆಚ್ಚಬೇಕೆನ್ನುವುದು ಇದಕ್ಕೇ.

ಸುದ್ದಿ ಯಾರಿಗೆ ಹೋಗಬೇಕೆಂಬುದೂ ಚಿಕ್ಕ ಮಾತಲ್ಲ. ನೌಕರರ ಸ್ವಂತ ವಿಳಾಸಕ್ಕೆ ಕಟ್ಟಿದ ಎಚ್ಚರಿಕೆ, ಅವರಿಗೆ ವರ್ಗವಾದ ಮರುದಿನವೂ ಅವರ ಹಿಂದೆಯೇ ಹೋಗುತ್ತದೆ. ಹುದ್ದೆಯ ವಿಳಾಸಕ್ಕೆ ಕಟ್ಟಿದ್ದು ಕುರ್ಚಿಯಲ್ಲೇ ಉಳಿಯುತ್ತದೆ. ಹಳೆಯ ಟಪಾಲು ವಹಿಯಲ್ಲಿ ಕೊನೆಗೊಂದು ಅಂಕಣವಿರುತ್ತಿತ್ತು, ಪಡೆದವರ ರುಜುವಿಗೆ. ಇ-ಮೇಲು ತಲುಪಿತೆಂಬುದು ಆ ರುಜುವಿಗೆ ಸಮವಲ್ಲ. ಹೊಸ ಕಾವಲಿನಲ್ಲೂ ಅಂಥದೊಂದು ಅಂಕಣವಿದ್ದು, ‘ನೋಡಿದೆ’ ಎಂದು ಯಾರೂ ಒಪ್ಪಿಕೊಳ್ಳದ ಸುದ್ದಿ ತಾನಾಗಿ ಮೇಲಿನವರಿಗೆ ಹೋಗುವಂತಿದ್ದರೆ, ಬಂದ ಕಡತ ಬಾರದಂತೆ ಬಿದ್ದಿರುವುದು ತಪ್ಪೀತು.