ಆಸ್ಪತ್ರೆಯ ಆಡಳಿತ: ಔಷಧ ಇದ್ದರೆ ಸಾಲದು

ಆಸ್ಪತ್ರೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಬಿಳಿ ಕೋಟಿನ ವೈದ್ಯರು, ದಾದಿಯರು, ಮಂಚದ ಮೇಲೆ ಮಲಗಿದ ರೋಗಿ. ಔಷಧಕ್ಕೆ ಇಂಡೆಂಟ್ ಬರೆಯುವವರು, ಉಗ್ರಾಣದ ಬೀಗದ ಕೈ ಇಟ್ಟುಕೊಂಡವರು, ರಾತ್ರಿ ಪಾಳಿಗೆ ಯಾರು ಬರಬೇಕೆಂದು ಗೊತ್ತುಮಾಡುವವರು ಯಾರ ನೆನಪಿಗೂ ಬರುವುದಿಲ್ಲ. ಈ ಲೇಖನ ಅವರ ಕೆಲಸವನ್ನು ಕುರಿತದ್ದು. ದೊಡ್ಡ ಮಾತಿನಲ್ಲಿ ಹೇಳುವುದಾದರೆ ಇದೇ ಆರೋಗ್ಯ ಕ್ಷೇತ್ರದ ನಿರ್ವಹಣೆ.

ಒಂದು ಉದಾಹರಣೆ ನೋಡೋಣ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಎರಡು ಗಂಟೆಗೆ ಹೆರಿಗೆಯಾಗಿದೆ. ಮಗು ಚೆನ್ನಾಗಿದೆ. ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ. ಗರ್ಭಕೋಶ ಬಿಗಿಯಾಗಿ ಕುಗ್ಗುವಂತೆ ಮಾಡುವ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಇದೆ. ಅದು ದುಬಾರಿಯಲ್ಲ; ಅದನ್ನು ಕೊಡಲು ತಜ್ಞರೇ ಬೇಕೆಂದೂ ಇಲ್ಲ. ಆದರೆ ಬಿಸಿ ತಾಗಿದರೆ ಅದು ಶಕ್ತಿ ಕಳೆದುಕೊಳ್ಳುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಈಗ ನೀವೇ ಲೆಕ್ಕ ಹಾಕಿ. ಹಳೆಯ ದಾಸ್ತಾನು ಮುಗಿಯುವ ಮೊದಲೇ ಯಾರೋ ಒಬ್ಬರು ಇಂಡೆಂಟ್ ಕಳಿಸಿರಬೇಕು. ಕರೆಂಟ್ ಹೋದಾಗ ಫ್ರಿಜ್ಜಿನ ತಾಪ ಏರಿತೇ ಎಂದು ಯಾರೋ ನೋಡಿರಬೇಕು. ಆ ಪಾಳಿಯ ನರ್ಸಿಗೆ ತರಬೇತಿ ಆಗಿರಬೇಕು, ಫ್ರಿಜ್ಜಿನ ಕೋಣೆಯ ಬೀಗದ ಕೈ ಆಕೆಯ ಬಳಿಯೇ ಇರಬೇಕು. ಇಷ್ಟಾಗಿಯೂ ರಕ್ತ ನಿಲ್ಲದಿದ್ದರೆ ಆಂಬುಲೆನ್ಸ್ ಬರಬೇಕು, ಅದು ತಲುಪುವ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಸಿಗಬೇಕು. ಇದರಲ್ಲಿ ಎಷ್ಟು ಭಾಗ ವೈದ್ಯಶಾಸ್ತ್ರ, ಎಷ್ಟು ಭಾಗ ವ್ಯವಸ್ಥೆ?

1994ರಲ್ಲಿ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇಯ್ನ್ ಎಂಬ ಇಬ್ಬರು ಸಂಶೋಧಕಿಯರು ತಾಯಂದಿರ ಸಾವನ್ನು ಮೂರು ವಿಳಂಬಗಳ ಮೂಲಕ ವಿವರಿಸಿದರು. ಆಸ್ಪತ್ರೆಗೆ ಹೋಗೋಣವೆಂದು ಮನೆಯವರು ನಿರ್ಧರಿಸುವುದರಲ್ಲಿ ಒಂದು ವಿಳಂಬ, ದಾರಿಯಲ್ಲಿ ಇನ್ನೊಂದು, ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಮತ್ತೊಂದು. ಮೂರನೆಯದರ ಬಗ್ಗೆ ನಾವು ಮಾತನಾಡುವುದು ಕಡಿಮೆ. ಜನರಿಗೆ ತಿಳಿವಳಿಕೆ ಇಲ್ಲ ಎಂದು ಹೇಳಿಬಿಡುವುದು ಸುಲಭ ನೋಡಿ!

ಕರ್ನಾಟಕದಲ್ಲಿ ಪರಿಸ್ಥಿತಿ ಸುಧಾರಿಸಿಲ್ಲವೆಂದಲ್ಲ. ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ 2004-06ರಲ್ಲಿ ಪ್ರತಿ ಒಂದು ಲಕ್ಷ ಸಜೀವ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಅದು 69ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕೇರಳದ ಅಂಕಿ 19, ತಮಿಳುನಾಡಿನದು 54.

ಈ ಇಳಿಕೆಯ ಹಿಂದೆ ಬದಲಾದ ವ್ಯವಸ್ಥೆಯಿದೆ. ಹಳ್ಳಿಗಳಿಗೆ ಆರೋಗ್ಯ ಕೇಂದ್ರಗಳ ಜಾಲ ಬೇಕೆಂದು 1946ರಲ್ಲಿ ಭೋರ್ ಸಮಿತಿ ಹೇಳಿತ್ತು. ಬಯಲು ಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಲೆಕ್ಕ ಆಮೇಲೆ ಬಂತು. ಬಹಳ ಕಾಲ ಅಲ್ಲಿನ ವೈದ್ಯಾಧಿಕಾರಿ ಮೇಲಿನಿಂದ ಬಂದದ್ದನ್ನು ಹಂಚುತ್ತಿದ್ದರು, ಕೇಳಿದ ವರದಿ ಕಳಿಸುತ್ತಿದ್ದರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಆರೋಗ್ಯ ರಕ್ಷಾ ಸಮಿತಿ ಬಂತು, ಸ್ಥಳೀಯವಾಗಿ ಖರ್ಚು ಮಾಡಲು ಒಂದಿಷ್ಟು ಹಣ ಬಂತು, ಸಾವಿರ ಜನರಿಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡತೊಡಗಿತು. 2018ರಲ್ಲಿ ಆಯುಷ್ಮಾನ್ ಭಾರತ್ ಬಂದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆಯೂ ಹಳ್ಳಿಯ ಕೇಂದ್ರದ ಕೆಲಸವಾಯಿತು. ಎಂಬಿಬಿಎಸ್ ಮುಗಿಸಿ ಬಂದ ಯುವ ವೈದ್ಯರು ಈಗ ಚೆಕ್ಕಿಗೆ ಸಹಿ ಹಾಕಬೇಕು, ಪಂಚಾಯಿತಿ ಸದಸ್ಯರೊಡನೆ ಸಭೆ ನಡೆಸಬೇಕು, ಹತ್ತಾರು ಜನರಿಂದ ಕೆಲಸ ಮಾಡಿಸಬೇಕು. ಕಾಲೇಜಿನಲ್ಲಿ ಅವರು ಮುಖ್ಯವಾಗಿ ಕಲಿತು ಬಂದದ್ದು ಇದನ್ನಲ್ಲ.

ನಿರ್ವಹಣೆಗೂ ನಾಯಕತ್ವಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ವ್ಯಾಖ್ಯೆಗಳು ಬೇಕಾದಷ್ಟಿವೆ, ಅವುಗಳಿಗಿಂತ ತಿಂಗಳ ಸಭೆಯೊಂದನ್ನು ಊಹಿಸಿಕೊಳ್ಳಿ. ಆಶಾ ಕಾರ್ಯಕರ್ತೆ ಆ ಊರಿನವರೇ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ತನ್ನ ಬೀದಿಯ ಗರ್ಭಿಣಿಯೊಬ್ಬರು ಮೂರು ತಿಂಗಳಿಂದ ತಪಾಸಣೆಗೆ ಬಂದಿಲ್ಲವೆಂಬುದು ಆಕೆಗೆ ಗೊತ್ತು. ಅದನ್ನು ಸಭೆಯಲ್ಲಿ ಹೇಳಿದರೆ ‘ನೀನೇನು ಮಾಡುತ್ತಿದ್ದೆ?’ ಎಂಬ ಬೈಗುಳ ಸಿಗುವುದಾದರೆ ಮುಂದಿನ ತಿಂಗಳು ರಿಜಿಸ್ಟರಿನಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ರಿಜಿಸ್ಟರಿನಲ್ಲಿ ಮಾತ್ರ! ಅಹಿತಕರ ಸುದ್ದಿ ಬೇಗ ಬರುವಂತೆ ನೋಡಿಕೊಳ್ಳುವ ಅಧಿಕಾರಿಯೇ ನನ್ನ ದೃಷ್ಟಿಯಲ್ಲಿ ನಾಯಕ. ತಾಯಿ ಮರಣದ ಪರಿಶೀಲನೆಗೆ 2010ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದಾಗ ಅದರ ಉದ್ದೇಶವೂ ತಪ್ಪಿತಸ್ಥರನ್ನು ಹಿಡಿಯುವುದಲ್ಲ, ವ್ಯವಸ್ಥೆ ಎಲ್ಲಿ ಕಡಿಯಿತು ಎಂದು ಹುಡುಕುವುದಾಗಿತ್ತು. ಅದನ್ನು ಆ ಮನೋಭಾವದಿಂದ ನಡೆಸುವುದು ಕಷ್ಟ. ಒಂದು ಸಾವಾದ ಮೇಲೆ ಯಾರನ್ನಾದರೂ ಅಮಾನತು ಮಾಡುವಂತೆ ಒತ್ತಡ ಬಂದೇ ಬರುತ್ತದೆ.

ನೆರೆಯ ಮಧುರೈಯಿಂದ ಬೇರೆ ಬಗೆಯ ಪಾಠವಿದೆ. ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ಆರಂಭಿಸಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಆದರೂ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕಣ್ಣಿನ ಪೊರೆ ತೆಗೆಯುವ ವೈದ್ಯರ ಸಮಯ ಎಲ್ಲಿ ವ್ಯರ್ಥವಾಗುತ್ತದೆ ಎಂದು ಅಲ್ಲಿ ಗಮನಿಸಿದರು. ರೋಗಿಯನ್ನು ಸಿದ್ಧಗೊಳಿಸುವುದು, ಉಪಕರಣ ಜೋಡಿಸುವುದು, ಪಟ್ಟಿ ಕಟ್ಟುವುದು ವೈದ್ಯರೇ ಮಾಡಬೇಕಾದ ಕೆಲಸವಲ್ಲ. ಹಳ್ಳಿಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಈ ಕೆಲಸಗಳನ್ನು ವಹಿಸಿದರು. ಎರಡು ಮೇಜುಗಳನ್ನು ಹಾಕಿ, ಒಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯುವಾಗಲೇ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧವಾಗಿರುವಂತೆ ಮಾಡಿದರು. ಹಣ ಕೊಡಬಲ್ಲವರ ಶುಲ್ಕದಿಂದ ಬಡವರ ಚಿಕಿತ್ಸೆ ಸಾಗಿತು. ಕಣ್ಣಿನೊಳಗೆ ಇಡುವ ಮಸೂರ ಹೊರದೇಶದಿಂದ ಬಂದರೆ ದುಬಾರಿಯಾಗುತ್ತಿತ್ತು. ಅದನ್ನು ತಾವೇ ತಯಾರಿಸಲು 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿದರು. ಆದರೆ ಒಂದೇ ಬಗೆಯ ಶಸ್ತ್ರಚಿಕಿತ್ಸೆಯನ್ನು ಹೀಗೆ ಸಾಲಾಗಿ ಜೋಡಿಸಬಹುದು. ಯಾವ ಹೊತ್ತಿನಲ್ಲಿ ಯಾವ ಕಾಯಿಲೆ ಬರುತ್ತದೋ ತಿಳಿಯದ ಹಳ್ಳಿಯ ಕೇಂದ್ರದಲ್ಲಿ ಇದೇ ವಿಧಾನ ಹಾಗೆಯೇ ನಡೆಯದು.

ವ್ಯವಸ್ಥೆ ಕಡಿದರೆ ಏನಾಗುತ್ತದೆ ಎಂಬುದನ್ನು ರಾಜ್ಯ ಇತ್ತೀಚೆಗೆ ಕಂಡಿತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ನಂತರ ಒಬ್ಬರಂತೆ ತೀರಿಕೊಂಡರು. ಸಂಶಯ ಹೋದದ್ದು ಡ್ರಿಪ್ ಮೂಲಕ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದೇ ತಯಾರಕರ ಕೆಲವು ಬ್ಯಾಚುಗಳು ಗುಣಮಟ್ಟದಲ್ಲಿಲ್ಲವೆಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಅವುಗಳಲ್ಲಿ ಕೆಲವನ್ನು ಕೇಂದ್ರದ ಪ್ರಯೋಗಾಲಯ ಸರಿಯೆಂದಿತು. ಸರ್ಕಾರ ದ್ರಾವಣದ ಬಳಕೆ ನಿಲ್ಲಿಸಿ, ತನಿಖೆಗೆ ಆದೇಶಿಸಿ, ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಎರಡು ಪ್ರಯೋಗಾಲಯಗಳು ಎರಡು ಮಾತು ಹೇಳಿದಾಗ ಬಾಟಲಿಯನ್ನು ಉಗ್ರಾಣದಲ್ಲೇ ಉಳಿಸಬೇಕೋ, ವಾರ್ಡಿಗೆ ಕಳಿಸಬೇಕೋ? ಆ ನಿರ್ಧಾರವನ್ನು ಯಾರೋ ಒಬ್ಬರು ಕಚೇರಿಯ ಮೇಜಿನ ಹಿಂದೆ ಕುಳಿತು ತೆಗೆದುಕೊಳ್ಳಬೇಕಾಗುತ್ತದೆ. ವಾರ್ಡಿನಲ್ಲಿರುವ ವೈದ್ಯರಿಗಾಗಲಿ, ತಾಯಿಗಾಗಲಿ ಅದು ತಿಳಿದಿರುವುದಿಲ್ಲ.

ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಹೋದಾಗ ಅನುಮತಿ ಕೇಳಿ ಲಸಿಕೆಯ ಫ್ರಿಜ್ಜನ್ನು ನೋಡಿ. ಅದರ ಬಳಿ ತಾಪಮಾನದ ಹಾಳೆಯಿರುತ್ತದೆ. ದಿನಕ್ಕೆ ಎರಡು ಸಲ, ರಜಾ ದಿನವೂ ಸೇರಿ, ಅಂಕಿ ಬರೆದು ಸಹಿ ಮಾಡಬೇಕು. ಕಳೆದ ಭಾನುವಾರದ ಮನೆಯಲ್ಲಿ ಏನಿದೆ ಎಂದು ಗಮನಿಸಿ.