ಪೆನ್‌ಡ್ರೈವ್ ಖಾಲಿ ಆಗಿಲ್ಲ, ಫಾರ್ಮ್ಯಾಟ್ ಒತ್ತಬೇಡಿ

ಇಯರ್‌ಫೋನ್ ಮರೆತು ಬಂದವರಿಗಾಗಿ ಈ ವಾರದ ಸಂಚಿಕೆಯ ಬರಹರೂಪ ಇಲ್ಲಿದೆ.

ಹೋದ ಶುಕ್ರವಾರ ಸಂಜೆ ನಮ್ಮ ಕಾಕಾನ ಮಗಳು ಫೋನ್ ಮಾಡಿದಳು. ಊರು ಕಮಲಾಪುರ, ಓದೋದು ಕಲಬುರಗಿಯಲ್ಲಿ. ದನಿ ನಡುಗ್ತಿತ್ತು. "ಅಕ್ಕಾ, ಪೆನ್‌ಡ್ರೈವ್‌ದಾಗಿಂದು ಎಲ್ಲಾ ಹೋಗ್ಯಾದ. ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗ್ಯಾವ, ಒಂದೂ ತೆರೀವಲ್ದು. ಇಲ್ಲಿ ಅಂಗಡಿಯಣ್ಣ ಫಾರ್ಮ್ಯಾಟ್ ಹೊಡಿ ಅನ್ಲಿಕ್ಕತ್ಯಾನ. ಹೊಡೀಲೇನು?"

"ಏನೂ ಒತ್ತಬ್ಯಾಡ. ಕಿತ್ತುಕೊಂಡು ಸೀದಾ ಮನೀಗೆ ಬಾ" ಅಂದೆ.

ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಮೇಲೆ ಅವಳು ಮಾಡಿದ ಪ್ರಾಜೆಕ್ಟ್. ಸೋಮವಾರ ಸಲ್ಲಿಸಬೇಕು. ವರದಿಯನ್ನ ನಿದ್ದೆಗೆಟ್ಟು ಮತ್ತೆ ಬರೀಬಹುದಿತ್ತು. ಆದರೆ ರೈತರ ಮಾತಿನ ರೆಕಾರ್ಡಿಂಗ್‌ಗಳೂ ಅದರಲ್ಲೇ ಇದ್ದವು. ಫೋನ್ ತುಂಬಿತು ಅಂತ ಅಲ್ಲಿಂದ ಅಳಿಸಿ ಪೆನ್‌ಡ್ರೈವ್‌ಗೆ ಹಾಕಿದ್ದಳು. ಹಾಗೆ ಮಾತಾಡಿದ್ದ ಒಬ್ಬ ಅಜ್ಜ ಮೂರು ತಿಂಗಳ ಹಿಂದೆ ತೀರಿಕೊಂಡಿದ್ದಾರೆ. ಅವರ ದನಿ ಬೇರೆ ಎಲ್ಲೂ ಇಲ್ಲ.

ಇದಕ್ಕೆ ಮಂದಿ ಶಾರ್ಟ್‌ಕಟ್ ವೈರಸ್ ಅಂತಾರೆ. ನಿಜ ಹೇಳಬೇಕಂದ್ರೆ ಇದು ವರ್ಮ್, ಅಂದ್ರೆ ಹುಳು. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತನ್ನ ನಕಲನ್ನ ತಾನೇ ಹಾಕಿಕೊಳ್ಳುತ್ತೆ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ನಿಮ್ಮ ಫೋಲ್ಡರ್‌ಗಳನ್ನ ಅಡಗಿಸಿ, ಅದೇ ಹೆಸರಿನ, ಅದೇ ಹಳದಿ ಚಿತ್ರದ ಶಾರ್ಟ್‌ಕಟ್ ಇಡುತ್ತೆ. ಕೆಲವು ಹುಳುಗಳು ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರ್‌ಗೆ ತುಂಬಿಬಿಡ್ತವೆ. ನೀವು ಶಾರ್ಟ್‌ಕಟ್ ಒತ್ತಿದ್ರೆ ಒಟ್ಟಿಗೆ ಎರಡು ಕೆಲಸ ನಡೀತವೆ: ಹುಳು ಓಡುತ್ತೆ, ನಿಮ್ಮ ನಿಜವಾದ ಫೋಲ್ಡರ್ರೂ ತೆರೆದುಕೊಳ್ಳುತ್ತೆ. ಹಂಗಾಗಿ ಸಂಶಯ ಬರೋದೇ ಇಲ್ಲ.

ನಮ್ಮ ಹುಡುಗಿಗೂ ಹಂಗೇ ಆಗಿದ್ದು. ಗುರುವಾರ ಸೂಪರ್ ಮಾರ್ಕೆಟ್ ಕಡೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕರಡು ಪ್ರಿಂಟ್ ತೆಗೆಸಿದಳು. ರಾತ್ರಿ ಕಮಲಾಪುರದಲ್ಲಿ ಮನೆಯ ಲ್ಯಾಪ್‌ಟಾಪ್‌ಗೆ ಹಾಕಿ ಫೋಲ್ಡರ್ ಒತ್ತಿದಳು, ತೆರೀತು. ಶುಕ್ರವಾರ ಬೇರೆ ಅಂಗಡಿಗೆ ಹೋದಳು. ಅಲ್ಲಿ ಆಂಟಿವೈರಸ್ ಇತ್ತು, ಅದು ಹುಳುವಿನ ಫೈಲನ್ನ ಅಳಿಸಿಹಾಕ್ತು. ಉಳಿದದ್ದು ಎಲ್ಲಿಗೂ ಹೋಗದ ಶಾರ್ಟ್‌ಕಟ್ ಮಾತ್ರ. ರೋಗ ತಗಲಿದ ದಿನ ಯಾರಿಗೂ ಗೊತ್ತಾಗಲಿಲ್ಲ, ಔಷಧ ಬಿದ್ದ ದಿನ ಎಲ್ಲರೂ ಗಾಬರಿ!

ಮನೆಗೆ ಬಂದ ಮೇಲೆ ನಾವು ಮೊದಲು ಕಂಪ್ಯೂಟರ್ ಮುಟ್ಟಲೇ ಇಲ್ಲ. ಒಂದು ಓಟಿಜಿ ಅಡಾಪ್ಟರ್ ತಗೊಂಡು ಪೆನ್‌ಡ್ರೈವನ್ನ ನನ್ನ ಆಂಡ್ರಾಯ್ಡ್ ಫೋನ್‌ಗೆ ಚುಚ್ಚಿದ್ವಿ. ಫೈಲ್ಸ್ ಆಪ್ ತೆಗೆದ್ರೆ ಎಲ್ಲಾ ಫೋಲ್ಡರ್‌ಗಳೂ ಅಲ್ಲೇ ಇದ್ದವು! ಕಾರಣ ಸರಳ. ವಿಂಡೋಸ್‌ನಲ್ಲಿ ಫೈಲ್ ಅಡಗಿಸೋದು ಅಂದ್ರೆ ಅದಕ್ಕೊಂದು ಗುರುತು ಹಚ್ಚೋದು, ಅಷ್ಟೇ. ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಗುರುತಿಗೆ ಕಿಮ್ಮತ್ತು ಕೊಡಲ್ಲ. ಹೆಸರು ಚುಕ್ಕಿಯಿಂದ ಶುರುವಾದ್ರೆ ಮಾತ್ರ ಅಡಗಿದ ಫೈಲ್ ಅಂತ ತಿಳ್ಕೊಳ್ಳುತ್ತೆ. ಇನ್ನು ವಿಂಡೋಸ್‌ಗೆ ಬರೆದ ಹುಳು ಫೋನ್‌ನಲ್ಲಿ ಓಡೋದಿಲ್ಲ. ವರದಿ, ಫೋಟೋ, ರೆಕಾರ್ಡಿಂಗ್ ಇಷ್ಟನ್ನೇ ಆರಿಸಿ ಕಾಪಿ ಮಾಡಿದ್ವಿ. ಶಾರ್ಟ್‌ಕಟ್‌ಗಳನ್ನೂ ಗುರುತಿಲ್ಲದ ಫೈಲ್‌ಗಳನ್ನೂ ಅಲ್ಲೇ ಬಿಟ್ವಿ. ಅವಳು ಮೊದಲು ಒತ್ತಿದ್ದು ಆ ಅಜ್ಜನ ರೆಕಾರ್ಡಿಂಗ್. ಕೆಮ್ಮಿ, "ಏನವ್ವಾ, ಚಾಲೂ ಆಗ್ಯಾದೇನು?" ಅಂತ ಕೇಳ್ತಾರೆ ಅದರಲ್ಲಿ.

ಈ ಹುಳುಗಳಿಗೆ ದೊಡ್ಡ ಚರಿತ್ರೆಯೇ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಒತ್ತೋದೂ ಬೇಕಿರಲಿಲ್ಲ. ಆಟೋರನ್ ಅನ್ನೋ ಸೌಲಭ್ಯವೇ ಹುಳುವಿಗೆ ಬಾಗಿಲು ತೆರೀತಿತ್ತು. 2008ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ನೆಟ್‌ವರ್ಕ್ ಜತೆಗೆ ಈ ದಾರಿಯನ್ನೂ ಬಳಸ್ತು. ಅದನ್ನ ಬರೆದವರ ಸುಳಿವಿಗೆ ಮೈಕ್ರೋಸಾಫ್ಟ್ 2,50,000 ಡಾಲರ್ ಬಹುಮಾನ ಘೋಷಿಸಿತ್ತು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಇರಾನಿನ ಅಣು ಘಟಕದ ಯಂತ್ರಗಳನ್ನ ಕೆಡಿಸಲು ಪೆನ್‌ಡ್ರೈವ್ ಹಿಡಿದು ಹೊರಟಿದ್ದು. ಅದರಲ್ಲಿ ಶಾರ್ಟ್‌ಕಟ್‌ನ ಚಿತ್ರ ಪರದೆ ಮೇಲೆ ಮೂಡಿದ್ರೇ ಸಾಕಿತ್ತು. ಸೋಂಕು ಹೆಚ್ಚಿದ್ದ ದೇಶಗಳಲ್ಲಿ ಇರಾನ್, ಇಂಡೋನೇಷ್ಯಾ ಆದ ಮೇಲೆ ನಮ್ಮ ದೇಶದ ಹೆಸರೇ ಇತ್ತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವ್‌ನ ಆಟೋರನ್ ಬಂದ್ ಮಾಡ್ತು. ಅದಕ್ಕೇ ಈಗಿನ ಹುಳುಗಳು ನಮ್ಮ ಬೆರಳನ್ನೇ ಕಾಯ್ತವೆ. 2021ರಲ್ಲಿ ಸಿಕ್ಕ ರಾಸ್ಪ್‌ಬೆರಿ ರಾಬಿನ್ ಕೂಡ ಪೆನ್‌ಡ್ರೈವ್‌ನ ಶಾರ್ಟ್‌ಕಟ್ ಮೂಲಕವೇ ಒಳಗೆ ಬರ್ತಿತ್ತು.

ಭಾನುವಾರ ಹುಮನಾಬಾದ ರಸ್ತೆ ಬಸ್ ಹಿಡಿದು ಕಮಲಾಪುರಕ್ಕೆ ಹೋದ್ವಿ. ಲ್ಯಾಪ್‌ಟಾಪ್ ತೊಳೀಬೇಕಿತ್ತಲ್ಲ. ಇಲ್ಲೇ ಬಹಳ ಮಂದಿ ತಪ್ಪೋದು. ಪೆನ್‌ಡ್ರೈವ್ ಸ್ವಚ್ಛ ಮಾಡಿ, ರೋಗ ಇರೋ ಕಂಪ್ಯೂಟರ್‌ಗೇ ಮತ್ತೆ ಹಾಕಿದ್ರೆ ಎರಡು ಸೆಕೆಂಡ್‌ನಲ್ಲಿ ಶಾರ್ಟ್‌ಕಟ್ ವಾಪಸ್. ಮೊದಲು ಕಂಪ್ಯೂಟರ್, ಆಮೇಲೆ ಪೆನ್‌ಡ್ರೈವ್.

ವಿಂಡೋಸ್ ಸೆಕ್ಯುರಿಟಿ ತೆಗೆದು, ವೈರಸ್ ವಿಭಾಗದ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳೋಕೆ ಮುಂಚೆಯೇ ಹುಡುಕುತ್ತೆ. ಹುಳು ಆಗ ಇನ್ನೂ ಓಡ್ತಾ ಇರೋದಿಲ್ಲ, ಅದಕ್ಕೇ ಸಿಕ್ಕಿಬೀಳುತ್ತೆ. ಸುಮಾರು 15 ನಿಮಿಷ. ಅಷ್ಟರಲ್ಲಿ ಕಾಕಾ ಬಾಳೆಹಣ್ಣು ತಂದಿಟ್ಟು, "ಇಷ್ಟು ಸಣ್ಣ ಕಡ್ಡೀಗೂ ರೋಗ ಬರ್ತದೇನವ್ವಾ?" ಅಂದ್ರು. ಆಮೇಲೆ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿ ನೋಡಿದೆ. ಹೆಸರೇ ಗೊತ್ತಿಲ್ಲದ ಸ್ಕ್ರಿಪ್ಟ್ ಅಲ್ಲಿದ್ರೆ ಅನುಮಾನ ಪಡಬೇಕು. ಕೊನೆಗೆ ಒಂದು ಖಾಲಿ ಪೆನ್‌ಡ್ರೈವ್ ಹಾಕಿ ಕಾಯ್ದೆ. ಅದರಲ್ಲಿ ಏನೂ ಹುಟ್ಟಲಿಲ್ಲ.

ಆಮೇಲೆಯೇ ಅವಳ ಪೆನ್‌ಡ್ರೈವ್ ಹಾಕಿ ಸ್ಕ್ಯಾನ್ ಮಾಡಿದ್ದು. ಓಟಿಜಿ ಇಲ್ಲದವರು ಅಡಗಿದ ಫೈಲ್ ಹೊರಗೆ ತರೋದು ಹೀಗೆ: ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಟ್ರಿಬ್ ಅಂತ ಬರೆದು, ಮೈನಸ್ ಎಚ್, ಮೈನಸ್ ಎಸ್, ಮೈನಸ್ ಆರ್, ಆಮೇಲೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ, ಕೊನೆಗೆ ಪೆನ್‌ಡ್ರೈವ್‌ನ ಅಕ್ಷರ, ಕೋಲನ್, ಬ್ಯಾಕ್‌ಸ್ಲ್ಯಾಶ್, ನಕ್ಷತ್ರ ಚಿಹ್ನೆ. ಪ್ರತಿಯೊಂದು ಸ್ವಿಚ್‌ಗೂ ಮುಂಚೆ ಒಂದು ಸ್ಪೇಸ್ ಇರಲಿ. ಡ್ರೈವ್ ಅಕ್ಷರವನ್ನ ಎರಡು ಸಲ ನೋಡ್ಕೊಳ್ಳಿ, ಸಿ ಅಂತ ಹಾಕಬೇಡಿ. ಪ್ರಾಪರ್ಟೀಸ್‌ಗೆ ಹೋಗಿ ಹಿಡನ್ ಟಿಕ್ ತೆಗೀತೀನಿ ಅಂದ್ರೆ ಆಗಲ್ಲ. ಹುಳು ಸಿಸ್ಟಮ್ ಫೈಲ್ ಅಂತಲೂ ಗುರುತು ಹಚ್ಚಿರೋದ್ರಿಂದ ಆ ಟಿಕ್ ಮಸುಕಾಗಿರುತ್ತೆ. ಡಿಫೆಂಡರ್ ಸಾಲದು ಅನ್ನಿಸಿದ್ರೆ, ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಟೂಲ್‌ಗಳು ಸಿಗ್ತವೆ.

ಫೈಲ್‌ಗಳು ಎರಡು ಕಡೆ ಭದ್ರ ಆದ ಮೇಲೆ ಫಾರ್ಮ್ಯಾಟ್ ಹೊಡೆದ್ವಿ. ಹೌದು, ಅದೇ ಅಂಗಡಿಯಣ್ಣ ಹೇಳಿದ ಫಾರ್ಮ್ಯಾಟೇ. ಅದರ ಸರದಿ ಕೊನೆಗೆ.

ಸೋಮವಾರ ವರದಿಯನ್ನ ಇಮೇಲ್‌ನಲ್ಲಿ ಕಳಿಸಿ ಪ್ರಿಂಟ್ ತೆಗೆಸಿದಳು. ನಾನು ಗುರುವಾರದ ಆ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಜಗಳ ಆಗ್ತದೆ ಅಂದ್ಕೊಂಡಿದ್ದೆ. ಅವರು, "ದಿನಾ ಎಷ್ಟು ಮಂದಿ ಪೆನ್‌ಡ್ರೈವ್ ಚುಚ್ಚತಾರ್ರಿ ಮೇಡಂ, ಯಾರ್‍ಯಾರದು ಅಂತ ನೋಡ್ಲಿ" ಅಂದ್ರು. ಅದೂ ಖರೆ. ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಅರ್ಧ ಇಳಿಸಿ, ಅವರ ಮೂರೂ ಕಂಪ್ಯೂಟರ್‌ಗೆ ಆಫ್‌ಲೈನ್ ಸ್ಕ್ಯಾನ್ ಹಚ್ಚಿದ್ವಿ. ಎರಡರಲ್ಲಿ ಹುಳು ಸಿಕ್ತು.